ಎಡತೋಳಿನ ಒಂದೂವರೆ ಇಂಚು

ಕೊರಳಲ್ಲಿ ಸದಾ ಅಳತೆಯ ಟೇಪು ಜೋತಾಡುತ್ತಿದ್ದರೂ ಅದನ್ನು ಆಕೆ ತೆಗೆದು ಬಳಸಿದ್ದನ್ನು ಕಂಡವರಿಲ್ಲ. ಅದಕ್ಕೇ ಚರ್ಚಿನ ಮಹಿಳಾ ಸಂಘದವರೆಲ್ಲ ಅವಳನ್ನು ಟೇಪಕ್ಕ ಎಂದು ಚುಡಾಯಿಸುತ್ತಿದ್ದರು. ಮೂವತ್ತೆಂಟು ವರ್ಷ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ದುಡಿದ ಕೈ. ಒಮ್ಮೆ ಕಣ್ಣಾಡಿಸಿದರೆ ಸಾಕು, ಅಳತೆ ಸಿಕ್ಕಿಬಿಡುತ್ತಿತ್ತು. ಬಾಯಿ ಮಾತ್ರ ಕತ್ತರಿಗಿಂತ ಹರಿತ.

ಸಂಘದವರು ಕಾಯಿಲೆಯವರ ಮನೆಗೆ ಊಟ ಒಯ್ಯುತ್ತಿದ್ದರು, ಬಾಣಂತಿಯರ ಬಟ್ಟೆ ಒಗೆದುಕೊಡುತ್ತಿದ್ದರು, ಯಾರಿಗೂ ಬೇಡವಾದ ಮುದುಕರ ಪಕ್ಕ ಕೂತು ಅದೇ ಹಳೇ ಕಥೆಗೆ ಹೂಂಗುಟ್ಟುತ್ತಿದ್ದರು. ಇನ್ನೊಂದು ಕೆಲಸವೂ ಇತ್ತು. ಸಾವಾದ ಮನೆಯವರು ಹೆಣಕ್ಕೆ ತೊಡಿಸುವ ಬಟ್ಟೆಗಾಗಿ ಅಲೆಯಬಾರದೆಂದು, ಬುಧವಾರ ಮಧ್ಯಾಹ್ನ ಚರ್ಚಿನ ಹಿಂದಿನ ಕೋಣೆಯಲ್ಲಿ ಬಿಳಿ ನಿಲುವಂಗಿ ಹೊಲಿದು ಬೀರುವಿನಲ್ಲಿಡುತ್ತಿದ್ದರು. ಸಣ್ಣದು, ನಡುವಿನದು, ದೊಡ್ಡದು, ಮೂರೇ ಅಳತೆ. ಕತ್ತರಿಸುವುದು ಟೇಪಕ್ಕ, ಹೊಲಿಯುವುದು ಉಳಿದವರು, ಮಾತಾಡುವುದು ಅಧ್ಯಕ್ಷೆ.

ಹಿಂದಿನ ವರ್ಷ ಒಂದು ಅಂಗಿಯ ತೋಳು ವಿಪರೀತ ಉದ್ದ ಬಂತು. "ಇದ್ಯಾರಿಗಮ್ಮಾ, ಏಣಿಗಾ?" ಎಂದು ಅಧ್ಯಕ್ಷೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹತ್ತೇ ದಿನಕ್ಕೆ, ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಉದ್ದ ಕೈಯ ಮೇಷ್ಟ್ರು ತೀರಿಕೊಂಡರು. ಅಂಗಿ ಹೇಳಿ ಹೊಲಿಸಿದಂತೆ ಕೂತಿತು. ಆಮೇಲೆ ಬೆನ್ನಿನಲ್ಲಿ ಗೂನು ಬಿಟ್ಟಂಥ ಇನ್ನೊಂದು ಅಂಗಿ ಬಂತು. ಒಂಬತ್ತನೇ ದಿನ ಗೂನುಬೆನ್ನಿನ ಹೂವಿನಜ್ಜಿ ಹೋದಳು. ಅಲ್ಲಿಂದ ಯಾರೂ ನಗಲಿಲ್ಲ.

ಆ ಬುಧವಾರ ಮೇಜಿನ ತುಂಬ ಬಿಸಿಲು ಬಿದ್ದಿತ್ತು. ಹೊಲಿದು ಮುಗಿದ ಅಂಗಿಯನ್ನು ಅಧ್ಯಕ್ಷೆ ಎತ್ತಿ ಹಿಡಿದವಳು ಎರಡೂ ತೋಳುಗಳನ್ನು ಜೋಡಿಸಿ ನೋಡಿದಳು. ಎಡತೋಳು ಒಂದೂವರೆ ಇಂಚು ಗಿಡ್ಡ.

ಅಂಥ ಕೈ ಇದ್ದದ್ದು ಒಬ್ಬಳಿಗೇ, ಟೇಪಕ್ಕನ ಜೊತೆಯಲ್ಲೇ ಇರುವ ಟೀಚರ್ ತಂಗಿಗೆ. ಏಳು ವರ್ಷದವಳಿದ್ದಾಗ ಉಯ್ಯಾಲೆಯಿಂದ ಬಿದ್ದು ಮುರಿದ ಎಡಗೈ ಆಮೇಲೆ ಸರಿಯಾಗಿ ಬೆಳೆಯಲೇ ಇಲ್ಲ. "ಸಾಕಕ್ಕಾ, ಸಾಕು!" ಎಂದು ಕಿರುಚುತ್ತಿದ್ದರೂ ತಳ್ಳಿದವಳು ಈ ಅಕ್ಕನೇ. ಆ ಮಾತನ್ನು ತಂಗಿ ಒಂದು ದಿನವೂ ಎತ್ತಿರಲಿಲ್ಲ. ಎತ್ತಿ ಬೈದಿದ್ದರೆ ಟೇಪಕ್ಕನಿಗೆ ಎಷ್ಟೋ ವಾಸಿಯಿತ್ತು.

"ಕತ್ತರಿ ಜಾರ್ತು ಕಣ್ರೇ" ಎಂದು ಅಂಗಿ ಕಿತ್ತುಕೊಂಡು ಚೂರುಚೂರು ಮಾಡಿದಳು. ಟೇಪು ಮೊದಲ ಬಾರಿ ಕೊರಳಿನಿಂದ ಕೆಳಗಿಳಿಯಿತು. ಹೊಸ ಬಟ್ಟೆಯನ್ನು ಎರಡೆರಡು ಸಲ ಅಳೆದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆಯ ಮೇಲೇ ಕತ್ತರಿಸಿ, ತಾನೇ ಹೊಲಿದಳು. ಎಡತೋಳು ಒಂದೂವರೆ ಇಂಚು ಗಿಡ್ಡ.

ಸಂಜೆ ಮನೆ ಮೆಟ್ಟಿಲು ಹತ್ತುತ್ತಿದ್ದ ತಂಗಿ ಎದೆ ಹಿಡಿದು ನಿಂತಳು. "ಏನಿಲ್ಲ ಬಿಡಕ್ಕಾ, ಸ್ವಲ್ಪ ಸುಸ್ತು ಅಷ್ಟೇ" ಎಂದಳು.

ಮರುದಿನ ಬೆಳಿಗ್ಗೆ ಟೇಪಕ್ಕ ಒಬ್ಬಳೇ ಹಿಂದಿನ ಕೋಣೆಗೆ ಹೋದಳು. ಕೈ ಮಾತು ಕೇಳದಿದ್ದರೆ ಬಟ್ಟೆಯಾದರೂ ಕೇಳಲಿ ಎಂಬ ಹಟ. ಅಂಗಿಯ ಪಕ್ಕಗಳನ್ನು ಬಿಚ್ಚಿ ತನ್ನ ದಪ್ಪ ಮೈಗೆ ಅಗಲ ಮಾಡಿದಳು. ಎಡತೋಳಿನ ತುದಿಗೆ ಒಂದೂವರೆ ಇಂಚಿನ ಪಟ್ಟಿ ಜೋಡಿಸಿದಳು. "ನನ್ನನ್ನ ಕರ್ಕೋ, ಅವಳನ್ನ ಬಿಟ್ಬಿಡು" ಎಂದು ಪ್ರತಿ ಹೊಲಿಗೆಗೂ ದೇವರೊಂದಿಗೆ ಜಗಳವಾಡಿದಳು. ಆಮೇಲೆ ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತಳು.

ಅಕ್ಕ ಮರೆತುಬಂದ ಕನ್ನಡಕ ಕೊಡಲು ಅದೇ ಹೊತ್ತಿಗೆ ತಂಗಿ ಬಂದಳು. "ಅಕ್ಕಾ! ಯಾರದ್ದಿದು?"

"ನಂದೇ. ಎಷ್ಟು ಚೆನ್ನಾಗಿ ಕೂತಿದೆ ನೋಡು."

"ಥೂ, ಬಿಡ್ತು ಅನ್ನು! ಮೊದ್ಲು ತೆಗಿ ಅದನ್ನ."

"ತೆಗೀತೀನಿ. ಎದೆ ಹೇಗಿದೆ ಈಗ?"

"ಈಗ ಏನೂ ಇಲ್ಲಪ್ಪ. ಇಲ್ಲಿಗೆ ಬರ್ತಾ ಬರ್ತಾ ಹಗುರಾಗ್ಬಿಡ್ತು."

ಟೇಪಕ್ಕ ಮನಸಾರೆ ನಕ್ಕಳು. ಅಂಗಿಯನ್ನು ಮಡಚಿ ಬೀರುವಿನಲ್ಲಿಟ್ಟಳು.

ಒಂಬತ್ತನೇ ದಿನ ಬೆಳಿಗ್ಗೆ ಮನೆಯಲ್ಲಿ ಮಶಿನ್ನಿಗೆ ದಾರ ಪೋಣಿಸುತ್ತಿದ್ದವಳು ಹಾಗೇ ಮುಂದಕ್ಕೆ ಬಾಗಿದಳು. ಮತ್ತೆ ಏಳಲಿಲ್ಲ.

ಅಂಗಿ ತೊಡಿಸುವ ಕೆಲಸವನ್ನು ತಂಗಿ ಬೇರೆಯವರಿಗೆ ಬಿಡಲಿಲ್ಲ. ಎಲ್ಲ ಕಡೆ ಸರಿಯಾಗಿ ಕೂತಿತು. ಎಡತೋಳನ್ನು ನೇರ ಮಾಡುವಾಗ ಬೆರಳಿಗೆ ಜೋಡಣೆಯ ಗೆರೆ ತಾಗಿತು. ಅಕ್ಕ ಯಾವತ್ತೂ ತುಂಡು ಸೇರಿಸಿ ತೋಳು ಹೊಲಿದವಳಲ್ಲ. ತಂಗಿ ಅಕ್ಕನ ಪಕ್ಕಕ್ಕೆ ಬಾಗಿ, ಭುಜಕ್ಕೆ ಭುಜ ಸೇರಿಸಿ, ತನ್ನ ಎಡಗೈಯನ್ನು ಆ ತೋಳಿನ ಉದ್ದಕ್ಕೂ ಚಾಚಿದಳು. ಗೆರೆ ಅವಳ ಮಣಿಕಟ್ಟಿಗೆ ಸರಿಯಾಗಿ ನಿಂತಿತು.

"ಸಾಕಕ್ಕಾ" ಎಂದಳು ತಂಗಿ. "ಸಾಕು."