ಖಬರ ಇಲ್ಲ

ಬೆಟಗೇರಿಯಲ್ಲಿ ನಮ್ಮದು ನೇಕಾರರ ಮನೆ. ಗೋಡೆಯಾಚೆ ನೂಲಿಗೆ ಬಣ್ಣ ಹಾಕುತ್ತಿದ್ದ ಮುಸ್ಲಿಂ ಕುಟುಂಬವಿತ್ತು. ಆ ಮನೆಯ ಹಿರಿಯಾಕೆಯನ್ನು ಅವ್ವ ಅಕ್ಕ ಎಂದೇ ಕರೆಯುತ್ತಿದ್ದಳು. ಆಕೆ ಮಗನೊಂದಿಗೆ ಲಕ್ಷ್ಮೇಶ್ವರಕ್ಕೆ ಹೋದ ಮೇಲೂ ಇಬ್ಬರ ಮಾತು ಫೋನಿನಲ್ಲಿ ನಡೆದೇ ಇತ್ತು.

ಹೋದ ವರ್ಷ ಒಂದು ಬುಧವಾರ ಅಕ್ಕನ ಸೊಸೆಯ ಫೋನ್ ಬಂತು. ಮಗ್ಗದ ಸಪ್ಪಳದ ನಡುವೆ ಅವ್ವ ತಾನೇ ಮೊದಲು ಮಾತು ತೆಗೆದಳು.

"ಸೋಮವಾರ ನಿಮ್ಮೂರಿಗೆ ಬರಾಕತ್ತೀನಿ. ನಾ ಬರೋದು ಅಕ್ಕಗ ಗೊತ್ತೈತೇನು?"

"ಅಮ್ಮಿಗೆ ಖಬರ ಇಲ್ರಿ..."

"ಚಲೋ ಆತು! ಹೇಳಬ್ಯಾಡ. ಒಮ್ಮೆಲೆ ಬಂದು ಎದುರಿಗೆ ನಿಂದರ್ತೀನಿ," ಎಂದು ನಗುತ್ತ ಅವ್ವ ಫೋನಿಟ್ಟಳು.

ನಮ್ಮ ಕಡೆ ಖಬರ ಎಂದರೆ ಸುದ್ದಿಯೂ ಹೌದು, ಎಚ್ಚರವೂ ಹೌದು. ಅಕ್ಕನಿಗೆ ಸುದ್ದಿ ಗೊತ್ತಿಲ್ಲ ಎಂದು ಅವ್ವ ತಿಳಿದಳು. ಸೊಸೆ ಹೇಳಿದ್ದು ಎಚ್ಚರ ತಪ್ಪಿದ್ದನ್ನು. ಆಕೆ ಫೋನ್ ಮಾಡಿದ್ದು ಆಸ್ಪತ್ರೆಯಿಂದ.

ಸೋಮವಾರ ಅವ್ವನ ಜೊತೆ ನಾನೂ ಹೋದೆ. ಬಾಗಿಲಲ್ಲಿ ನಮ್ಮನ್ನು ಕಂಡ ಅಕ್ಕನ ಮಗ ಅವ್ವನ ಕೈಯಿಂದ ಚೀಲ ಇಸಿದುಕೊಂಡ. ಆಮೇಲೆ ಒಳಗಿದ್ದ ಹೆಂಡತಿಗೆ ತಮ್ಮ ಮನೆಮಾತಿನಲ್ಲಿ, "ಖಾಲಾ ಕು ಅಮ್ಮೀ ಕೀ ಖಬರ್ ಪೋ ಲೇಕೋ ಜಾತೂಂ" ಎಂದ. ಅವ್ವ ಹಿಡಿದದ್ದು ಒಂದೇ ಶಬ್ದ.

"ಅಕ್ಕನ ಖಬರೇನಪಾ? ಆರಾಮ ಅದಾಳಿಲ್ಲೋ?"

"ಸುದ್ದಿ ಅಲ್ರಿ ಚಿಗವ್ವಾ, ನಿಮ್ಮನ್ನ ಅಮ್ಮಿ ಗೋರಿಗೆ ಕರಕೊಂಡು ಹೋಗ್ತೀನಿ ಅಂದೆ. ಅಮ್ಮಿ ಶುಕ್ರವಾರ ತೀರಿಕೊಂಡ್ರು."

ಅವ್ವ ಹೊಸ್ತಿಲ ಮೇಲೇ ಕೂತು ಅಳತೊಡಗಿದಳು. ಸೊಸೆ ಹೊರಗೆ ಬಂದು ಅವಳ ಪಕ್ಕ ಕೂತಳು.

"ಖಬರ ಇಲ್ಲಂದ್ರ ನೀವು ಚಲೋ ಆತು ಅಂತ ನಕ್ರಿ. ಮಗ್ಗದ ಸಪ್ಪಳದಾಗ ನನಗ ಅಷ್ಟ ಕೇಳಿಸ್ತು. ಅದಕ್ಕ ಮತ್ತ ಫೋನ್ ಹಚ್ಚಲಿಲ್ರಿ."

ಅವ್ವ ಅಳುತ್ತಲೇ ತಾನು ತಿಳಿದುಕೊಂಡದ್ದನ್ನು ಹೇಳಿದಳು. ಸೊಸೆ ಅವಳನ್ನು ತಬ್ಬಿಕೊಂಡಳು.

"ಗುರುವಾರ ಸಂಜಿಮುಂದ ಒಂದೀಟು ಎಚ್ಚರಾಗಿತ್ರಿ. ಬೆಟಗೇರಿ ತಂಗಿ ಬಂದ್ಲೇನು ಅಂತ ಕೇಳಿದ್ರು."

ಆ ಮಾತು ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಊರಿಗೆ ಬಂದ ಮೇಲೆ ನಮ್ಮ ಶಾಲೆಯ ಉರ್ದು ಮಾಸ್ತರರನ್ನು ವಿಚಾರಿಸಿದೆ. ಅರಬ್ಬಿಯಲ್ಲಿ ಇವು ಬೇರೆ ಬೇರೆ ಶಬ್ದಗಳಂತೆ. ಸುದ್ದಿಯದು ಗಂಟಲು ಉಜ್ಜಿ ಬರುವ ಖ, ಗೋರಿಯದು ಕಿರುನಾಲಗೆಯ ಹತ್ತಿರ ಹುಟ್ಟುವ ಕ. ನಮ್ಮ ಕಡೆಯ ದಖ್ಖನಿಯಲ್ಲಿ ಎರಡೂ ಖಬರ್ ಆದವು. ಉರ್ದು, ಮರಾಠಿಗಳಲ್ಲಿ ಸುದ್ದಿಯಾಗಿ ಓಡಾಡುವ ಮಾತು ನಮ್ಮ ಕನ್ನಡಕ್ಕೆ ಬಂದು ಎಚ್ಚರವೂ ಆಯಿತು.

ಇದನ್ನೆಲ್ಲ ಅವ್ವನಿಗೆ ಬಿಡಿಸಿ ಹೇಳಿದೆ. ಕಂಡಿಕೆಗೆ ನೂಲು ಸುತ್ತುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಅಕ್ಕನ ಸೊಸಿಗೆ ಮಾತು ಮುಗಸಾಕ ಬಿಡಬೇಕಿತ್ತು ನಾ," ಎಂದಳು.