ಟೈಪಿಂಗ್ ಮೇಷ್ಟ್ರು ಹರಿಯದೆ ಬಿಟ್ಟ ಹಾಳೆ

ಅದು 2023ನೆಯ ಇಸವಿ. ನನಗಾಗ ಐವತ್ತು ವರ್ಷ. ಜೂನ್ ತಿಂಗಳ ಒಂದು ಬೆಳಿಗ್ಗೆ ಟೈಪಿಂಗ್ ಮೇಷ್ಟ್ರು ಮುಳಬಾಗಿಲಿನ ನಮ್ಮ ಮನೆಯ ಜಗಲಿಯ ಮೇಲೆ ಕುಳಿತಿದ್ದರು. ಅವರ ಬೆರಳುಗಳು ತೊಡೆಯ ಮೇಲೆ ಓಡುತ್ತಿದ್ದವು. ನಲವತ್ತು ವರ್ಷ ಕೀಲಿಗಳನ್ನು ಕುಟ್ಟಿ ತುದಿ ಚಪ್ಪಟೆಯಾಗಿದ್ದ ಆ ಬೆರಳುಗಳು ಎದುರಿನವರ ಮಾತನ್ನೆಲ್ಲ ಪಂಚೆಯ ಮೇಲೆ ಟೈಪು ಮಾಡುತ್ತಲೇ ಇರುತ್ತಿದ್ದವು. ಯಂತ್ರ ಬಿಟ್ಟು ಕಂಪ್ಯೂಟರು ಹಿಡಿದು ಎಷ್ಟೋ ಕಾಲವಾಗಿದ್ದರೂ ಉಗುರಿನ ಅಂಚಿನಲ್ಲಿ ರಿಬ್ಬನ್ನಿನ ಮಸಿ ಇನ್ನೂ ಉಳಿದಿತ್ತು.

ಹದಿನೆಂಟನೆಯ ವಯಸ್ಸಿನಲ್ಲಿ, ಕೋರ್ಟಿನ ಹಿಂದಿನ ಬೀದಿಯಲ್ಲಿದ್ದ ಅವರ ಮಾಳಿಗೆಯ ಕೋಣೆಯಲ್ಲಿ ನಾನು ಟೈಪು ಕಲಿತೆ. "ತಪ್ಪಾದ್ರೆ ರಬ್ಬರ್ ಹುಡುಕ್ಬೇಡ ಕಣೋ, ಹೊಸ ಹಾಳೆ ಹಾಕು," ಎನ್ನುತ್ತಿದ್ದರು. ಮುಂದೆ ಇಪ್ಪತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ, ಅವಧಿಗೆ ಮುನ್ನವೇ ನಿವೃತ್ತನಾದ ನನ್ನನ್ನು ಮಕ್ಕಳು ಕಟ್ಟುನಿಟ್ಟಿನ ಮೇಷ್ಟ್ರೆಂದು ಕರೆಯುತ್ತಿದ್ದರೆ, ಅದರ ಮೂಲ ಆ ಮಾಳಿಗೆಯಲ್ಲಿತ್ತು.

ಅವರ ಜೀವನ ನಡೆಯುತ್ತಿದ್ದುದು ಮಾತ್ರ ಪಾಠದಿಂದಲ್ಲ, ಕೋರ್ಟಿಗೆಂದು ಇಂಗ್ಲಿಷಿನಲ್ಲಿ ಟೈಪು ಮಾಡಿಕೊಡುತ್ತಿದ್ದ ಪ್ರಮಾಣಪತ್ರಗಳಿಂದ, ಅಂದರೆ ಅಫಿಡವಿಟ್ಟುಗಳಿಂದ. ಅದರಲ್ಲಿ ಅವರಿಗೊಂದು ಪದ್ಧತಿಯಿತ್ತು. ಟೈಪು ಮುಗಿದ ಮೇಲೆ ಹಾಳೆಯನ್ನು ಕೊಡುವ ಮುನ್ನ, ಅದರಲ್ಲಿದ್ದುದನ್ನು ಕನ್ನಡದಲ್ಲೋ ತೆಲುಗಿನಲ್ಲೋ ಕಕ್ಷಿದಾರನಿಗೆ ಓದಿ ಹೇಳುತ್ತಿದ್ದರು. ಪ್ರತಿ ವಾಕ್ಯಕ್ಕೂ ಅವನು "ಹೌದು" ಎನ್ನಬೇಕು. ಎಲ್ಲಿಯಾದರೂ ತಡವರಿಸಿದರೆ ಹಾಳೆಯನ್ನು ಹರಿದುಬಿಡುತ್ತಿದ್ದರು. ಒಮ್ಮೆ ತಾಯಲೂರಿನ ರೈತನೊಬ್ಬ, "ತಂದೆಗೆ ನಾನೊಬ್ಬನೇ ಮಗ" ಎಂಬ ಸಾಲು ಬಂದಾಗ ಕೆಮ್ಮಿದ. ಮೇಷ್ಟ್ರು ಕನ್ನಡಕ ಮೇಲೇರಿಸಿ, "ಎಷ್ಟು ಜನ ಇದ್ದೀರಪ್ಪಾ?" ಎಂದರು. "ಒಬ್ಬ ತಮ್ಮ ಅವ್ನೆ ಸಾಮಿ. ಆದ್ರೆ ಅವ್ನು ಮನೆ ಬಿಟ್ಟೋಗವ್ನೆ." "ಮನೆ ಬಿಟ್ಟೋದ್ರೆ ಹುಟ್ಟಿದ್ದು ತಪ್ಪೋಯ್ತಾ?" ಎಂದವರೇ ಹಾಳೆಯನ್ನು ನಾಲ್ಕು ತುಂಡು ಮಾಡಿದರು. ರೈತನೂ ನಕ್ಕ.

ಅಂಥವರು ಆ ದಿನ ನನ್ನ ಜಗಲಿಗೆ ಬಂದದ್ದು ತಮ್ಮ ಹಿರಿಯ ಮಗಳ ಸಲುವಾಗಿ. ಆಕೆ ಬೆಂಗಳೂರಿನಲ್ಲಿ ಜಪಾನಿ ಭಾಷೆ ಕಲಿತು ಮಾಲೂರಿನ ಕಾರ್ಖಾನೆಯೊಂದರಲ್ಲಿ ದುಭಾಷಿಯಾಗಿದ್ದಳು. ಅಲ್ಲಿಗೆ ಬಂದಿದ್ದ ಜಪಾನಿ ಎಂಜಿನಿಯರ್ ಒಬ್ಬನನ್ನು ಮೆಚ್ಚಿದಳು. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕ್ಯಾಂಟೀನಿನಲ್ಲಿ ಅವನಿಗೆ ಕಲಿಸಿದವಳು ಅವಳೇ. ಮೇಷ್ಟ್ರು ಹನ್ನೊಂದು ತಿಂಗಳು ಮಗಳೊಡನೆ ಮಾತು ಬಿಟ್ಟರು, ಕೊನೆಗೆ ಮಣಿದರು. ಕೋಲಾರದ ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು. ನಾಲ್ಕು ತಿಂಗಳಲ್ಲಿ ಅಳಿಯನಿಗೆ ಸ್ವದೇಶಕ್ಕೆ ವರ್ಗವಾಯಿತು. ಮಗಳು ತವರಿನಲ್ಲಿ ಉಳಿದಳು.

"ಏನಪ್ಪಾ ಹೈಸ್ಕೂಲ್ ಸಾಹೇಬ, ನಿನ್ನ ಹತ್ರ ಕೆಲ್ಸ ಬಿತ್ತು," ಎಂದರು ಮೇಷ್ಟ್ರು. "ಅಮ್ಮಣ್ಣಿಗೆ ವೀಸಾ ಹಾಕ್ಬೇಕು. ಎರಡು ದಾರಿ ಇದೆಯಂತೆ. ಯಾವುದು ಅಂತ ನೀನು ಹೇಳು."

"ನಿಮಗೇನನ್ನಿಸುತ್ತೆ ಮೇಷ್ಟ್ರೇ?"

"ಹೆಂಡ್ತಿ ಆದ್ಮೇಲೆ ಹೆಂಡ್ತಿ ಅಂತಾನೇ ಹೋಗ್ಬೇಕು. ನನಗೆ ತಿಳಿದಿದ್ದು ಅಷ್ಟೇ. ಮಿಕ್ಕಿದ್ದು ನಾಕೇಂ ತೆಲುಸು, ನನಗೇನು ಗೊತ್ತು?"

ನಾನು ಮೂರು ದಿನ ಕುಳಿತು ನಿಯಮಗಳನ್ನು ಓದಿ, ಕೆಂಪು ಶಾಯಿಯಲ್ಲಿ ಟಿಪ್ಪಣಿ ಮಾಡಿದೆ. ಮೊದಲನೆಯದು ಪತ್ನಿಯ ವೀಸಾ: ಗಂಡ ಅಲ್ಲಿನ ವಲಸೆ ಕಚೇರಿಗೆ ಅರ್ಜಿ ಹಾಕಿ ಅರ್ಹತಾ ಪತ್ರ ಪಡೆದು ಕಳಿಸಬೇಕು, ಕೆಲವು ತಿಂಗಳು ಹಿಡಿಯುತ್ತದೆ. ಎರಡನೆಯದು ತೊಂಬತ್ತು ದಿನಗಳ ಅಲ್ಪಾವಧಿ ವೀಸಾ: ಬೇಗ ಸಿಗುತ್ತದೆ, ಆದರೆ ನೆಲೆಸುವುದಕ್ಕಲ್ಲ. ಮೊದಲನೆಯದರ ಜೊತೆಗೊಂದು ಉದ್ದನೆಯ ಪ್ರಶ್ನಾವಳಿಯಿತ್ತು. ನಿಮ್ಮಿಬ್ಬರನ್ನು ಪರಿಚಯಿಸಿದವರು ಯಾರು? ಮೊದಲು ಭೇಟಿಯಾದದ್ದು ಎಲ್ಲಿ, ಎಂದು? ಮದುವೆಯವರೆಗಿನ ಸಂಗತಿಯನ್ನು ಕ್ರಮವಾಗಿ ಬರೆಯಿರಿ.

ಮೇಷ್ಟ್ರ ಮನೆಗೆ ಹೋಗಿ ನಾನು ಇದನ್ನು ಓದಿ ಹೇಳಿದಾಗ ಅವರ ಹೆಂಡತಿ ಬಾಗಿಲ ಮರೆಯಿಂದ ಮುಂದೆ ಬಂದರು. ಬಂಧುಗಳಿಗೆಲ್ಲ ಅವರು ಹೇಳಿದ್ದೇ ಬೇರೆ: ಕಾರ್ಖಾನೆಯ ಹಿರಿಯರೊಬ್ಬರು ಮನೆಗೆ ಬಂದು ಹೆಣ್ಣು ಕೇಳಿದರು, ನಾವು ಕೊಟ್ಟೆವು ಎಂದು. "ನೋಡಪ್ಪಾ, ಚಿಕ್ಕೋಳಿಗೆ ನಂಗಲಿ ಕಡೆ ಗಂಡು ಮಾತಾಡ್ತಾ ಇದೀವಿ. ಇವಳು ತಾನೇ ನೋಡ್ಕೊಂಡ್ಳು ಅಂತ ಸರ್ಕಾರದ ಕಾಗದದಲ್ಲಿ ಬರೆದ್ರೆ ಅದು ಎಲ್ಲೆಲ್ಲಿಗೆ ಹೋಗುತ್ತೋ. ನಿನ್ನ ದಮ್ಮಯ್ಯ, ಆ ಪ್ರಶ್ನೆ ಇಲ್ದೇ ಇರೋ ದಾರಿ ನೋಡು."

ಜಪಾನಿನ ಕಚೇರಿಯ ಕಡತ ನಂಗಲಿಗೆ ಬರುವುದಿಲ್ಲವೆಂದು ಹೇಳುವಷ್ಟು ವಿವೇಕ ನನಗಿರಬೇಕಿತ್ತು. ಬದಲಿಗೆ, ಬಿಡಿಸಲು ಒಂದು ಲೆಕ್ಕ ಸಿಕ್ಕಿದ ಉತ್ಸಾಹದಲ್ಲಿ, "ಅಲ್ಪಾವಧಿಯದೇ ಇರಲಿ. ಪ್ರವಾಸ ಅಂತ ಹೋಗಲಿ. ಅಲ್ಲಿಗೆ ಹೋದ ಮೇಲೆ ಬದಲಾಯಿಸಿಕೊಳ್ಳೋಣ," ಎಂದೆ. ಹಾಗೆ ಬದಲಾಯಿಸಿಕೊಡುವುದು ಸಾಮಾನ್ಯವಾಗಿ ಇಲ್ಲವೆಂಬ ಸಾಲನ್ನೂ ನಾನು ಓದಿದ್ದೆ. ಅದಕ್ಕೆ ಮಾತ್ರ ಕೆಂಪು ಗೆರೆ ಎಳೆದಿರಲಿಲ್ಲ. ಅಳಿಯ ಫೋನಿನಲ್ಲಿ, ಹಿರಿಯರು ಹೇಳಿದಂತೆ ಆಗಲಿ ಎಂದನಂತೆ.

ಅರ್ಜಿಯನ್ನು ತುಂಬಿದವನು ನಾನು. ಕೋರ್ಟಿನ ಹಿಂದಿನ ಬೀದಿಯ ಮೇಷ್ಟ್ರ ಟೈಪಿಂಗ್ ಅಂಗಡಿಯಲ್ಲಿ ಅದರ ಪ್ರತಿ ತೆಗೆದೆವು. ಅಭ್ಯಾಸದಂತೆ ಅವರು ಮಗಳನ್ನು ಬೆಂಚಿನ ಮೇಲೆ ಕೂರಿಸಿ ಓದತೊಡಗಿದರು. ಹೆಸರು, ಹುಟ್ಟಿದ ದಿನ, ಊರು: ಎಲ್ಲಕ್ಕೂ ಆಕೆ "ಹೌದು" ಎಂದಳು. "ಹೋಗುವ ಉದ್ದೇಶ, ಪ್ರವಾಸ," ಎಂದಾಗ ಆಕೆ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಮೇಷ್ಟ್ರ ಕೈಗಳೆರಡೂ ಹಾಳೆಯ ಮೇಲಂಚಿಗೆ ಬಂದವು. ಅಷ್ಟು ದೂರ ಬಂದು ನಿಂತವು. ಅವರು ನನ್ನ ಮುಖ ನೋಡಿದರು.

"ಮುಂದೆ ಓದಿ ಮೇಷ್ಟ್ರೇ, ಅದು ಬರೀ ಫಾರಂ," ಎಂದೆ.

ಅವರು ಮುಂದೆ ಓದಿದರು.

ಅರ್ಜಿ ತಿರಸ್ಕೃತವಾಯಿತು. ಕಾರಣ ತಿಳಿಸುವ ರೂಢಿ ಆ ಕಚೇರಿಗಿಲ್ಲ. ಅದೇ ಉದ್ದೇಶಕ್ಕೆ ಆರು ತಿಂಗಳು ಮತ್ತೆ ಕೇಳುವಂತಿಲ್ಲ ಎಂಬ ನಿಯಮ ಮಾತ್ರ ಇತ್ತು. ಆದರೆ ಕಾರಣವನ್ನು ಊಹಿಸಲು ಹೆಚ್ಚಿನ ಪಾಂಡಿತ್ಯ ಬೇಕಿರಲಿಲ್ಲ: ಗಂಡನ ರಾಷ್ಟ್ರೀಯತೆ ಜಪಾನ್ ಎಂದು ಒಂದು ಕಡೆ, ಉದ್ದೇಶ ಪ್ರವಾಸ ಎಂದು ಇನ್ನೊಂದು ಕಡೆ. ಮೇಷ್ಟ್ರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಮೂರು ನಾಲ್ಕು ತಿಂಗಳು ಆ ಮನೆಯಲ್ಲಿ ವೀಸಾದ ಮಾತನ್ನೇ ಯಾರೂ ಎತ್ತಲಿಲ್ಲ. ನಾನು ಕೋರ್ಟಿನ ಹಿಂದಿನ ಬೀದಿಯನ್ನು ತಪ್ಪಿಸಿ ಓಡಾಡುತ್ತಿದ್ದೆ.

ಡಿಸೆಂಬರಿನಲ್ಲಿ ಅವರೇ ಕರೆಸಿದರು. ಪತ್ನಿಯ ವೀಸಾದ ಪ್ರಶ್ನಾವಳಿಗೆ ಲಗತ್ತಿಸಲು ತಾವೇ ಇಂಗ್ಲಿಷಿನಲ್ಲಿ ಒಂದು ಹೇಳಿಕೆ ಟೈಪು ಮಾಡಿದ್ದರು. ಅದರ ತಾತ್ಪರ್ಯ ಇಷ್ಟು: "ನನ್ನ ಮಗಳು ಈತನನ್ನು ತಾನೇ ಆರಿಸಿಕೊಂಡಳು. ನಾನು ಹನ್ನೊಂದು ತಿಂಗಳು ಅವಳೊಡನೆ ಮಾತಾಡಲಿಲ್ಲ. ಆಗೆಲ್ಲ ಈತ ಪ್ರತಿ ಭಾನುವಾರ ಮಾಲೂರಿನಿಂದ ಬಂದು ನನ್ನ ಅಂಗಡಿಯ ಬೆಂಚಿನ ಮೇಲೆ ಒಂದು ಗಂಟೆ ಕುಳಿತು ಹೋಗುತ್ತಿದ್ದ. ನಾನು ನೀರು ಸಹ ಕೊಡಲಿಲ್ಲ. ಹಿಂದಿನ ಅರ್ಜಿಯಲ್ಲಿ ಪ್ರವಾಸ ಎಂದು ಬರೆದದ್ದು ನನ್ನ ಅಂಜಿಕೆಯಿಂದ."

"'ನನ್ನ' ಅಂತ ಯಾಕೆ ಹಾಕಿದ್ರಿ? ಹೇಳಿದವನು ನಾನು," ಎಂದೆ.

"ಹಾಳೆ ಕೈಯಲ್ಲಿ ಹಿಡ್ಕೊಂಡಿದ್ದವನು ನಾನಲ್ವೇನಪ್ಪಾ," ಎಂದರು.

ಬೀಗರಾಗಬೇಕಿದ್ದ ನಂಗಲಿಯವರಿಗೂ ಅವರೇ ಹೋಗಿ ಇದ್ದದ್ದನ್ನು ಹೇಳಿಬಂದರು. "ಅದು ನಮಗೆ ಮೊದ್ಲೇ ಗೊತ್ತು ಬಿಡಿ. ಮುಳಬಾಗಿಲಲ್ಲಿ ಬಸ್ಸಿನ ಕಂಡಕ್ಟರಿಗೂ ಗೊತ್ತು," ಎಂದು ಗಂಡಿನ ತಂದೆ ಕಾಫಿ ತರಿಸಿದರಂತೆ. ಇದನ್ನು ನನಗೆ ಹೇಳುವಾಗ ಮೇಷ್ಟ್ರು ಬಹಳ ಹೊತ್ತು ನಕ್ಕರು. ನನಗೆ ನಗು ಬರಲಿಲ್ಲ.

ಫೆಬ್ರವರಿಯಲ್ಲಿ ಅಳಿಯ ಅಲ್ಲಿ ಕಾಗದಗಳನ್ನು ಸಲ್ಲಿಸಿದ. ಹಳೆಯ ತಿರಸ್ಕಾರದ ಬಗ್ಗೆ ಮತ್ತೆ ಪ್ರಶ್ನೆ ಬಂತು, ಮತ್ತೆ ಉತ್ತರ ಹೋಯಿತು. ಆ ದಿನಗಳಲ್ಲಿ ಮೇಷ್ಟ್ರು ಸಿಕ್ಕಾಗಲೆಲ್ಲ, "ಏರ್‌ಪೋರ್ಟಿನಲ್ಲಿ ಕಳಿಸೋಕೆ ಹೋದವರನ್ನ ಎಲ್ಲೀವರೆಗೆ ಬಿಡ್ತಾರಪ್ಪಾ?" ಎಂದು ಕೇಳುತ್ತಿದ್ದರು. ಬಾಗಿಲವರೆಗೆ ಎಂದರೆ, "ಗಾಜಿನ ಬಾಗಿಲು ತಾನೇ? ಕಾಣುತ್ತಲ್ಲ, ಸಾಕು," ಎನ್ನುತ್ತಿದ್ದರು.

ಏಪ್ರಿಲ್ ಇಪ್ಪತ್ತರಂದು, ಕೋಲಾರದ ಆಸ್ಪತ್ರೆಯಲ್ಲಿ, ಹೃದಯ ನಿಂತು ಅವರು ತೀರಿಕೊಂಡರು. ಬಂದವರಲ್ಲಿ ಹಲವರು, ವೀಸಾ ತಡವಾದದ್ದೇ ಒಳ್ಳೆಯದಾಯಿತು, ಮಗಳು ಹತ್ತಿರವಿದ್ದಳು, ಅವಳ ಕೈಯಿಂದ ನೀರು ಕುಡಿದು ಹೋದರು ಎಂದರು. ನನ್ನ ಸಮಾಧಾನಕ್ಕೆಂದೇ ಹಾಗೆ ಹೇಳಿದವರೂ ಇದ್ದರು. ನಾನು ಅದನ್ನು ಒಪ್ಪಿಲ್ಲ. ಅವರು ಬಯಸಿದ್ದು ಮಗಳು ತನ್ನ ಮನೆ ಸೇರುವುದನ್ನು. ಜೂನ್ ತಿಂಗಳ ಆ ಬೆಳಿಗ್ಗೆ ಅವರು ಹೇಳಿದ ದಾರಿಯನ್ನೇ ನಾನು ಹಿಡಿದಿದ್ದರೆ, ದೀಪಾವಳಿಯ ಹೊತ್ತಿಗೆ ಅವರು ಆ ಗಾಜಿನ ಬಾಗಿಲ ಮುಂದೆ ನಿಂತಿರುತ್ತಿದ್ದರು.

ಅರ್ಹತಾ ಪತ್ರ ಬಂದದ್ದು ಜೂನಿನಲ್ಲಿ. ಬೆಂಗಳೂರಿಗೆ ಹೋಗಿ ಪಾಸ್‌ಪೋರ್ಟ್ ತಂದ ಮಗಳು, ಮನೆಗೂ ಹೋಗದೆ ಬಸ್ ನಿಲ್ದಾಣದಿಂದ ನೇರ ನನ್ನಲ್ಲಿಗೆ ಬಂದು, "ಒಂದ್ಸಲ ಸರಿಯಾಗಿ ನೋಡಿಬಿಡಿ ಅಂಕಲ್," ಎಂದು ಆ ಪುಟ ತೆರೆದು ಕೈಗಿತ್ತಳು. ಹೆಸರು, ಅವಧಿ, ಎಲ್ಲವನ್ನೂ ಎರಡು ಬಾರಿ ನೋಡಿದೆ. ಪತ್ನಿ ಎಂದೇ ವೀಸಾ ಕೊಟ್ಟಿದ್ದರು. ತಿದ್ದುವಂಥದ್ದು ಏನೂ ಇರಲಿಲ್ಲ. ಮೇಷ್ಟ್ರು ಹೋಗಿ ಅಂದಿಗೆ ಎಂಬತ್ತೆರಡು ದಿನ. ಗುರುವಾರ, 2024ನೆಯ ಇಸವಿ ಜುಲೈ ತಿಂಗಳ ಹನ್ನೊಂದನೆಯ ತಾರೀಖು.