ನನ್ನ ಆಟೋದ ಯುಕೆಜಿ

ನಾನು ಸ್ಕೂಲಿಗೆ ಹೋಗಿದ್ದು ನಾಲ್ಕನೇ ಕ್ಲಾಸಿನ ತನಕ. ಆದರೆ ಯುಕೆಜಿಯನ್ನು ಮಾತ್ರ ವರ್ಷಾ ವರ್ಷಾ ಓದುತ್ತಿದ್ದೇನೆ, ಅದೂ ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಪ್ರತಿ ವರ್ಷ ಜರಗನಹಳ್ಳಿಯ ಆರು ಯುಕೆಜಿ ಮಕ್ಕಳನ್ನು ಜೆ.ಪಿ. ನಗರದ ಒಂದು ಸ್ಕೂಲಿಗೆ ಬಿಟ್ಟು ಕರ್ಕೊಂಡು ಬರೋದು ನನ್ನ ಆಟೋ. ಬೆಳಿಗ್ಗೆ ಹೋಗುವಾಗ ಹಿಂದಿನ ದಿನದ ಪಾಠ ಒಪ್ಪಿಸುತ್ತಾರೆ, ಮಧ್ಯಾಹ್ನ ಬರುವಾಗ ಅವತ್ತಿನದು. ಕಿವಿ ಮುಚ್ಚಿಕೊಂಡು ಆಟೋ ಓಡಿಸೋಕಾಗುತ್ತಾ? ಕಲಿತೆ.

ಕಲಿತು ಸುಮ್ಮನಿರಲಿಲ್ಲ; ಆಮೇಲೆ ಆ ಟ್ರಿಪ್ಪೇ ಕೈ ತಪ್ಪುವ ಮಟ್ಟಕ್ಕೂ ಬಂತು. ಏನು ಮಾಡೋದು, ಯಾವ ಕೆಲಸ ಹಿಡಿದರೂ ಅಲ್ಲಿ ನಾನೇ ಮೇಸ್ತ್ರಿ ಆಗಬೇಕು. ಸ್ಕೂಲು ಬಿಟ್ಟು ಗ್ಯಾರೇಜು ಸೇರಿದ ಹೊಸದರಲ್ಲೇ ಓನರಿಗೆ ಸ್ಪ್ಯಾನರ್ ಹಿಡಿಯೋದು ಹೇಳಿಕೊಟ್ಟು ಏಟು ತಿಂದವನು ನಾನು. ಹಾಗಾಗಿ ಈ ವರ್ಷದ ಮಕ್ಕಳಿಗೂ ನಾನೇ ಮೇಷ್ಟ್ರಾದೆ. ಲೆಕ್ಕಕ್ಕೆ ಮುಂದೆ ಹೋಗುವ ಬಸ್ಸಿನ ನಂಬರು. ಆಕಾರಕ್ಕೆ ರೋಡಿನ ಬೋರ್ಡುಗಳು: ದುಂಡಗಿರೋದು ಸರ್ಕಲ್, ಮೂರು ಮೂಲೆದು ಟ್ರಯಾಂಗಲ್. ತರಕಾರಿ ಪಾಠ ಬಂದ ವಾರ ಸಾರಕ್ಕಿ ಮಾರ್ಕೆಟ್ ಮುಂದೆ ಬೇಕಂತಲೇ ನಿಧಾನ ಮಾಡಿ ಬದನೆಕಾಯಿಂದ ಬೀಟ್ರೂಟ್ ತನಕ ಹೇಳಿಸಿದೆ, ಹಿಂದಿನವರು ಹಾರ್ನ್ ಹೊಡೆದುಕೊಂಡು ಸತ್ತರು.

ಮನೇಲಿ ಹೆಂಡತಿ ಹತ್ತಿರ, "ಆ ಟೀಚರಿಗೆ ಸಂಬಳ ಕೊಟ್ಟು ಇಟ್ಕೊಂಡಿದ್ದಾರೆ, ನಾನು ಫ್ರೀಯಾಗಿ ಹೇಳ್ಕೊಡ್ತೀನಿ" ಅಂತ ಕೊಚ್ಚಿಕೊಂಡೆ.

"ಮೊದ್ಲು ನಿಮ್ಮ ಸಹಿ ನೆಟ್ಟಗೆ ಹಾಕೋದು ಕಲೀರಿ" ಅಂದಳು. ಹೊಟ್ಟೆಕಿಚ್ಚು ಅಂದುಕೊಂಡೆ.

ಒಂದು ಶುಕ್ರವಾರ ಮಧ್ಯಾಹ್ನ ಟೀಚರ್ರೇ ಗೇಟಿಗೆ ಬಂದು, "ಅಣ್ಣ, ಸ್ವಲ್ಪ ಒಳಗೆ ಬನ್ನಿ" ಅಂದರು. ಹೊಗಳೋಕೇ ಇರಬೇಕು ಅಂತ ಆಟೋ ಕನ್ನಡೀಲಿ ನೋಡಿಕೊಂಡು ತಲೆ ಬಾಚಿದೆ, ಕಾಲರಿನ ಗುಂಡಿ ಹಾಕಿಕೊಂಡೆ. ಕ್ಲಾಸಿನೊಳಗೆ ಮಕ್ಕಳ ಪುಟಾಣಿ ಕುರ್ಚಿ ಬಿಟ್ಟರೆ ಬೇರೆ ಇರಲಿಲ್ಲ. ಕೂತೆ. ಮಂಡಿ ಗಲ್ಲಕ್ಕೆ ಬಂತು.

"ಈ ವಾರ ಸಿಗ್ನಲ್ ಲೈಟಿನ ಪಾಠ ಅಣ್ಣ. ರೆಡ್ ಅಂದ್ರೆ ಏನು ಅಂತ ಕೇಳ್ದೆ. ಕ್ಲಾಸೆಲ್ಲಾ ಸ್ಟಾಪ್ ಅಂತು. ನಿಮ್ಮ ಆಟೋ ಮಕ್ಕಳು ಮಾತ್ರ ‘ಪೊಲೀಸ್ ಇದ್ರೆ ಸ್ಟಾಪ್’ ಅಂದ್ರು."

ನಾನು ಗೋಡೆಯ ಮೇಲಿನ ಆನೆ ಚಿತ್ರ ನೋಡಿದೆ.

"ಯೆಲ್ಲೋ ಅಂದ್ರೆ?"

ಪ್ರಶ್ನೆ ನನಗೇ ಅಂತ ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕಾಯಿತು. "ನಿಧಾನ ಮಾಡ್ಬೇಕು ಮೇಡಂ."

"ನಿಮ್ಮ ಮಕ್ಕಳು ‘ಗಟ್ಟಿಯಾಗಿ ಹಿಡ್ಕೊಳ್ಳಿ’ ಅಂದ್ರು. ಅಂದಿದ್ದಷ್ಟೇ ಅಲ್ಲ, ಆರು ಜನಾನೂ ಟೇಬಲ್ ಹಿಡ್ಕೊಂಡ್ರು. ಅಡ್ಡ ಬಂದ ಬೈಕ್‌ನವನಿಗೆ ಏನನ್ನಬೇಕು ಅಂತಾನೂ ಒಬ್ಬಳು ಹೇಳಿದ್ಲು. ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡಿ."

ಬಸ್ಸಿನ ನಂಬರು, ಟ್ರಯಾಂಗಲ್, ಬದನೆಕಾಯಿ, ಅಷ್ಟೆಲ್ಲ ಕೂಗಿ ಹೇಳಿಕೊಟ್ಟಿದ್ದೆ. ಅವಕ್ಕೆ ಚೆನ್ನಾಗಿ ತಲೆಗೆ ಹತ್ತಿದ್ದು ನಾನು ಹೇಳಿಕೊಡದೇ ಇದ್ದದ್ದು.

"ಪೇರೆಂಟ್ಸ್ ಬೇರೆ ವ್ಯಾನ್ ನೋಡ್ತೀವಿ ಅಂತಿದ್ದಾರೆ. ನಾನೇ ತಡೆದಿದ್ದೀನಿ. ಸೋಮವಾರದಿಂದ ದಿನಾ ಮಕ್ಕಳನ್ನೇ ಕೇಳ್ತೀನಿ. ಯೆಲ್ಲೋಗೆ ಒಂದ್ಸಲ ನುಗ್ಗಿದ್ರೂ ಈ ಟ್ರಿಪ್ ನಿಮ್ಮದಲ್ಲ."

ಬಾಡಿಗೆ ಬೇರೆ ಎಲ್ಲಾದರೂ ಸಿಗುತ್ತೆ. ಆದರೆ ಆ ಆರು ಮಕ್ಕಳು ನನ್ನ ಕಣ್ಣೆದುರಿಗೇ ಇನ್ನೊಬ್ಬನ ವ್ಯಾನ್ ಹತ್ತಿಕೊಂಡು, ಅವನಿಗೆ ಪಾಠ ಒಪ್ಪಿಸೋದೇ? ಶನಿವಾರ, ಭಾನುವಾರ ಊಟ ಸೇರಲಿಲ್ಲ.

ಸೋಮವಾರ ಸಾರಕ್ಕಿ ಸಿಗ್ನಲ್ ಇನ್ನೂ ಸ್ವಲ್ಪ ದೂರ ಇರುವಾಗಲೇ ಹಳದಿ ಬಿತ್ತು. ನನ್ನ ಕೈ ನನ್ನನ್ನು ಕೇಳದೆ ಆಕ್ಸಿಲರೇಟರ್ ತಿರುವಿತು. ಹಿಂದೆ ಗಲಾಟೆ ನಿಂತುಹೋಯಿತು. ಕನ್ನಡೀಲಿ ನೋಡಿದರೆ ಅಷ್ಟೂ ಮಕ್ಕಳು ಕಂಬಿ ಹಿಡಿದುಕೊಂಡು ರೆಡಿಯಾಗಿದ್ದಾರೆ. ಬ್ರೇಕ್ ತುಳಿದೆ.

ಹಿಂದಿನ ಆಟೋದವನು ತಲೆ ಹೊರಗೆ ಹಾಕಿ, "ಏನ್ ಗುರು, ಯೆಲ್ಲೋಗೇ ನಿದ್ದೆ ಬಂತಾ?" ಅಂದ. ಅವನಿಗೆ ಕೊಡಬೇಕಾದ ಉತ್ತರ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಹಿಂದೆ ಕೂತಿದ್ದ ಮಕ್ಕಳಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ನನ್ನ ಪರವಾಗಿ ಅವನಿಗೆ ಕೂಗಿದಳು: "ಅಂಕಲ್, ಯೆಲ್ಲೋ ಅಂದ್ರೆ ವೇಟ್!"

"ಈಗ ಸ್ಟಾರ್ ಕೊಡ್ತೀಯೇನಮ್ಮ?" ಅಂತ ಕೇಳಿದೆ. ಶುಕ್ರವಾರ ಟೀಚರ್ ಅವಳ ಕೈಗೆ ಸ್ಟಾರ್ ಸ್ಟಿಕ್ಕರಿನ ಹಾಳೆ ಕೊಟ್ಟು, ಅಂಕಲ್ ಸರಿಯಾಗಿ ನಿಲ್ಸಿದ ದಿನ ಒಂದು ಅಂಟಿಸು ಅಂದಿದ್ದು ನನ್ನ ಕಿವಿಗೂ ಬಿದ್ದಿತ್ತು.

ಅವಳು ಬಗ್ಗಿ ಮುಂದಿನ ಚಕ್ರ ನೋಡಿದಳು. "ಇಲ್ಲ ಅಂಕಲ್. ಜೀಬ್ರಾ ಮೇಲೆ ನಿಲ್ಸಿದ್ದೀರ."

ಹಿಂದಕ್ಕೆ ತಗೊಳ್ಳೋಣ ಅಂದರೆ ಆ ಆಟೋದವನು ಒತ್ತಿಕೊಂಡು ನಿಂತಿದ್ದ. ಅವತ್ತು ನಾನು ಫೇಲು.

ಮಂಗಳವಾರ ಸಿಕ್ಕಿತು, ಬಂಗಾರದ ಬಣ್ಣದ್ದು. ಖಾಕಿ ಶರಟಿನ ಜೇಬಿಗೆ ಅವಳೇ ಅಂಟಿಸಿದಳು. ಮಕ್ಕಳನ್ನು ಬಿಟ್ಟು ಹಾಗೇ ಸ್ಟ್ಯಾಂಡಿಗೆ ಹೋಗಿ ಎಲ್ಲರ ಮುಂದೆ ಎದೆ ಸೆಟೆಸಿ ಟೀ ಕುಡಿದೆ, ಯಾರಾದರೂ ಏನಿದು ಅಂತ ಕೇಳಲಿ ಅಂತ. ಯಾರೂ ಕೇಳಲಿಲ್ಲ. ಕೊನೆಗೆ ನಾನೇ ಹೇಳಿದೆ.